ಒಡೆಯೋಗಂಟ

ಮಧುಗಿರಿಯ ಉಪನೋಂದಣಿ ಕಚೇರಿಯ ಎದುರಿಗೆ ಪತ್ರ ಬರಹಗಾರರ ಅಂಗಡಿಗಳ ಸಾಲಿದೆ. ಅದರಲ್ಲಿ ಕೊನೆಯದು ಓಬಳರಾಜುವಿನದು. ಕ್ರಯಪತ್ರ, ದಾನಪತ್ರ, ಭೋಗ್ಯಪತ್ರ ಎಲ್ಲವನ್ನೂ ಬರೆಯುತ್ತಿದ್ದ. ಆದರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ವಿಭಾಗಪತ್ರಕ್ಕೆ. ಅಣ್ಣತಮ್ಮಂದಿರು ಜಗಳವಿಲ್ಲದೆ ಪಾಲಾಗಬೇಕಾದರೆ ಓಬಳರಾಜುವೇ ಬರೆಯಬೇಕು ಎನ್ನುತ್ತಿದ್ದರು. ಜಗಳವಿಲ್ಲದೆ ಯಾರೂ ಪಾಲಾಗಲಿಲ್ಲ, ಅದು ಬೇರೆ ಮಾತು. ಕಳೆದ ಶ್ರಾವಣದಲ್ಲಿ ಅವನು ತೀರಿಕೊಂಡ. ಅಂಗಡಿಯಲ್ಲಿ ಈಗ ಬೇರೆ ಯಾರೋ ಜೆರಾಕ್ಸ್ ಮಿಷನ್ ಇಟ್ಟಿದ್ದಾರೆ. ಬಸ್ ನಿಲ್ದಾಣಕ್ಕೆ ನನಗೆ ಅದೇ ದಾರಿ, ಆದ್ದರಿಂದ ಮಧುಗಿರಿಗೆ ಬಂದಾಗಲೆಲ್ಲ ನೋಡುತ್ತೇನೆ.

ನಾವಿಬ್ಬರೂ ಮಿಡಿಗೇಶಿಯವರು. ಕೋಟೆ ಬೆಟ್ಟದ ಬುಡದಲ್ಲಿ ಅವನ ಮನೆ, ಎರಡು ಬೀದಿ ಆಚೆ ನಮ್ಮದು. ಒಂದೇ ಶಾಲೆಯಲ್ಲಿ ಓದಿದೆವು. ನಾನು ಕನ್ನಡ ಮೇಷ್ಟ್ರಾದೆ. ಅವನು ಪಿಯುಸಿ ಮುಗಿಸಿ, ಕೈಬರಹ ದುಂಡಗಿದ್ದ ಕಾರಣಕ್ಕೆ ಹಿರಿಯ ಪತ್ರ ಬರಹಗಾರರೊಬ್ಬರ ಬಳಿ ಸೇರಿಕೊಂಡ. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಮೇಷ್ಟ್ರೇ’ ಎನ್ನುತ್ತಿದ್ದ, ಅದರಲ್ಲಿ ಅರ್ಧ ಗೇಲಿ ಇರುತ್ತಿತ್ತು.

ಅವನನ್ನು ಗಣಿತದವನು ಎಂದು ಹೇಳಿದರೆ ಸುಳ್ಳಾಗುತ್ತದೆ. ಪಿಯುಸಿಯ ಗಣಿತದಲ್ಲಿ ಕಷ್ಟಪಟ್ಟು ಪಾಸಾದವನು. ಭಾಗಾಕಾರ ಒಂದು ಮಾತ್ರ ಅವನಿಗೆ ಹಿಡಿಸಿತ್ತು. ಯಾವ ಸಂಖ್ಯೆ ಕಂಡರೂ, ಬಸ್ಸಿನ ನಂಬರಾಗಲಿ ಸರ್ವೆ ನಂಬರಾಗಲಿ, ಅದು ಎಷ್ಟರಲ್ಲಿ ಒಡೆಯುತ್ತದೆ ಎಂದು ನೋಡುವ ಚಟ. ಅದು ಶುರುವಾದದ್ದು ಒಂದು ಮದುವೆಯಲ್ಲಿ. ನಾವಾಗ ಏಳನೇ ಕ್ಲಾಸು. ಚಪ್ಪರದಲ್ಲಿ ಮುಯ್ಯಿ ಓದಿಸುತ್ತಿದ್ದರು. ನಮ್ಮ ಕಡೆ ಐವತ್ತೊಂದು, ನೂರೊಂದು, ಹೀಗೆ ಒಂದು ಸೇರಿಸಿಯೇ ಕೊಡಬೇಕು. ಯಾಕೆಂದು ಅವನು ತನ್ನ ಅಜ್ಜಿ ಮುದ್ದಕ್ಕನನ್ನು ಕೇಳಿದ.

“ಒಂದು ಸೇರ್ಸಿದ್ರೆ ಒಡೆಯಲ್ಲ ಕಣ್ಲಾ. ಗಂಡ ಹೆಂಡ್ತಿ ಜತೇಲಿರ್ತಾರೆ.”

ಆ ಹೊತ್ತಿಗೆ ಊರಿನ ಛೇರ್ಮನ್ನರು ಸಾವಿರದೊಂದು ಓದಿಸಿದರು. ಎಲ್ಲರೂ ತಿರುಗಿ ನೋಡಿದರು. ಓಬಳರಾಜು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ, “ಅಜ್ಜೀ, ಸಾವಿರದೊಂದು ಏಳರಲ್ಲಿ ಒಡೀತದೆ,” ಎಂದ.

“ನಿನ್ ಬಾಯಿ ಒಡೀತದೆ ಈಗ,” ಎಂದು ಮುದ್ದಕ್ಕ ತಲೆಗೆ ಮೊಟಕಿದಳು.

ಅವನ ಕೆಲಸದ ಬಗ್ಗೆ ಒಂದು ಸಂಗತಿ ಹೇಳಬೇಕು, ಯಾಕೆಂದರೆ ಆ ಮಾತನ್ನು ಅವನು ಕಡೆಯವರೆಗೂ ಇಟ್ಟುಕೊಂಡಿದ್ದ. ಕೈಬರಹ ಹೋಗಿ ಕಂಪ್ಯೂಟರ್ ಬಂದ ಹೊಸತರಲ್ಲಿ, ಕೊರಟಗೆರೆ ಕಡೆಯ ನಾಲ್ವರು ಅಣ್ಣತಮ್ಮಂದಿರ ವಿಭಾಗಪತ್ರ ಬರೆದ. ‘ನಾವುಗಳು ಹಿಂದೂ ಅವಿಭಕ್ತ ಕುಟುಂಬದ ಸದಸ್ಯರಾಗಿದ್ದು’ ಎಂದು ಶುರುವಾಗುವುದು ರೂಢಿ. ಅವನು ಅವಿಭಕ್ತ ಎನ್ನುವ ಕಡೆ ಅವಿಭಾಜ್ಯ ಎಂದು ಹೊಡೆದುಬಿಟ್ಟಿದ್ದ. ಕಚೇರಿಯಲ್ಲಿ ಗುಮಾಸ್ತರು ಗಟ್ಟಿಯಾಗಿ ಓದಿ ನಿಂತರು. ಹಿರಿಯವನು ಹಾಗೆಂದರೇನು ಎಂದು ಕೇಳಿದ.

“ಒಡೆಯೋಕೇ ಬರಲ್ಲ ಅಂತ,” ಎಂದರು ಗುಮಾಸ್ತರು. “ಒಡೆಯೋಕೇ ಬರದ ಮೇಲೆ ನೀವು ಇಲ್ಲಿಗ್ಯಾಕೆ ಬಂದ್ರಿ?”

ಆ ನಾಲ್ವರ ತಾಯಿ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು ನಿಂತಿದ್ದಳು. “ಅಂಗೇ ಬುಡಪ್ಪ, ಚೆನ್ನಾಗೈತೆ,” ಎಂದಳು.

ಎಲ್ಲರೂ ನಕ್ಕರು. ಓಬಳರಾಜು ಅಂಗಡಿಗೆ ಓಡಿ ತಿದ್ದಿಕೊಂಡು ಬಂದ. ಅದೇ ಮಧ್ಯಾಹ್ನ ಮನೆ ನಾಲ್ಕಾಯಿತು. ಸಂಜೆ ಬಸ್ಸಿನಲ್ಲಿ ಅವನು ನನಗೆ ಹೇಳಿದ: “ಅವಿಭಕ್ತ ಅಂದ್ರೆ ಇನ್ನೂ ಒಡೆದಿಲ್ಲ ಅಂತ. ಅವಿಭಾಜ್ಯ ಅಂದ್ರೆ ಒಡೆಯೋಕಾಗಲ್ಲ ಅಂತ. ನೋಡೋಕೆ ಎರಡೂ ಒಂದೇ ಥರ ಇರ್ತವೆ ಮೇಷ್ಟ್ರೇ. ಯಾವುದು ಯಾವುದು ಅಂತ ಹೆಂಗೆ ಗೊತ್ತಾಗ್ಬೇಕು?”

ಸಕ್ಕರೆ ಕಾಯಿಲೆ ಮೊದಲು ಕಣ್ಣಿಗೆ ಬಂತು, ಆಮೇಲೆ ಮೂತ್ರಪಿಂಡಕ್ಕೆ. ಐವತ್ತನಾಲ್ಕನೇ ವಯಸ್ಸಿಗೆ ಡಯಾಲಿಸಿಸ್ ಶುರುವಾಯಿತು. ಮಂಗಳವಾರ, ಶುಕ್ರವಾರ. ಬೆಳಿಗ್ಗೆ ಏಳರ ಬಸ್ಸಿಗೆ ಮಧುಗಿರಿ, ಆಸ್ಪತ್ರೆಯ ಮಂಚದ ಮೇಲೆ ನಾಲ್ಕು ಗಂಟೆ, ಮತ್ತೆ ಬಸ್ಸು. ಅವನ ಹೆಂಡತಿ ವನಜಾ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅವಳಿಗೆ ಬೆಳಗಿನ ಹೊತ್ತು ಬಿಡುವಿಲ್ಲ. ಮಗಳನ್ನು ತಾವರೆಕೆರೆಗೆ ಕೊಟ್ಟಿದ್ದರು, ಅವಳಿಗೆ ಕೈಗೂಸು. ನಾನು ಸ್ವಯಂನಿವೃತ್ತಿ ಪಡೆದಿದ್ದೆ. ಹಾಗಾಗಿ ಜೊತೆಗೆ ನಾನು ಹೋಗುತ್ತಿದ್ದೆ.

ಡಯಾಲಿಸಿಸ್‌ನಲ್ಲಿ ನೋವಿಗಿಂತ ದೊಡ್ಡದು ಆಯಾಸ. ಯಂತ್ರದಿಂದ ಬಿಡಿಸಿದ ಮೇಲೆ ಅವನು ಒಗೆದು ಹಿಂಡಿದ ಬಟ್ಟೆಯಂತೆ ಕೂತಿರುತ್ತಿದ್ದ. ಮಾರನೆಯ ದಿನ ಸ್ವಲ್ಪ ಮನುಷ್ಯನಾಗುತ್ತಿದ್ದ, ಅಷ್ಟರಲ್ಲಿ ಮತ್ತೆ ಹೋಗುವ ದಿನ ಬರುತ್ತಿತ್ತು. ನೀರು ಅಳತೆಯಲ್ಲಿ ಕುಡಿಯಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಅದು ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು. ಐಸಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚುತ್ತಿದ್ದ.

ಪಕ್ಕದ ಮಂಚದಲ್ಲಿ ಪಾವಗಡದ ಕಡೆಯ ಚಿಕ್ಕರಂಗಯ್ಯ ಎಂಬ ಮುದುಕ ಇರುತ್ತಿದ್ದ. ಅರ್ಧ ತೆಲುಗು, ಅರ್ಧ ಕನ್ನಡ. ಒಂದು ದಿನ ಮೊಮ್ಮಗಳ ಮದುವೆಯ ಮಾತು ಬಂತು. ಮುಯ್ಯಿಗೆ ಒಂದು ಸೇರಿಸುವ ಮಾತೂ ಬಂತು. ಓಬಳರಾಜು ಸಾವಿರದೊಂದರ ಕಥೆ ಹೇಳಿದ.

“ಅಂಗಾದ್ರೆ ಒಡೀದೇ ಇರೋದು ಏದಿ ಸಾಮಿ?” ಎಂದು ಮುದುಕ ಕೇಳಿದ.

“ಹನ್ನೊಂದು ಒಡೆಯಲ್ಲ. ನೂರೊಂದು ಒಡೆಯಲ್ಲ. ಸಾವಿರದೊಂದು ಒಡೀತದೆ.”

“ಹತ್ತು ಸಾವಿರದೊಂದು?”

ಅದು ಎಪ್ಪತ್ತಮೂರರಲ್ಲಿ ಒಡೆಯಿತು. ಲಕ್ಷದೊಂದು ಹನ್ನೊಂದರಲ್ಲಿ ಒಡೆಯಿತು, ಹತ್ತು ಲಕ್ಷದೊಂದು ನೂರೊಂದರಲ್ಲಿ. ಕೋಟಿಯೊಂದೂ ಹನ್ನೊಂದರಲ್ಲೇ. ಓಬಳರಾಜುವಿನ ಎಡಗೈ ಯಂತ್ರಕ್ಕೆ ಕಟ್ಟಿತ್ತು, ಬಲಗೈ ಖಾಲಿ. ಹಾಳಾದ ಡ್ರಾಫ್ಟುಗಳ ಹಿಂಬದಿಯಲ್ಲಿ ಗೀಚುತ್ತಲೇ ಇದ್ದ. ಚಿಕ್ಕರಂಗಯ್ಯ ಬಿಡಲಿಲ್ಲ. “ನಾ ಮೊಮ್ಮಗಳಿಗೆ ಹತ್ತು ಕೋಟಿ ಒಂದು ಕೊಡ್ತೀನಿ. ಅದು ಚೂಡು.” ಅದು ಹದಿನೇಳರಲ್ಲಿ ಒಡೆದು, ಭಾಗಲಬ್ಧವಾಗಿ 58,82,353 ಉಳಿಯಿತು.

ಅಲ್ಲಿಗೆ ಬಿಡಬಹುದಾಗಿತ್ತು. ನೂರೊಂದಾದ ಮೇಲೆ, ಒಂದರ ಮುಂದೆ ಸೊನ್ನೆಗಳಿಟ್ಟು ಕಡೆಗೊಂದು ಒಂದಿಟ್ಟ ಸಂಖ್ಯೆಗಳಲ್ಲಿ ಒಡೆಯದಿರುವುದು ಇದುವರೆಗೆ ಯಾರಿಗೂ ಸಿಕ್ಕಿಲ್ಲವೆಂದು ಆಮೇಲೆ ನಾನು ಓದಿದೆ. ಆದರೆ ಅವನಿಗೆ ಈ ಉಳಿದ ತುಂಡು ಹಿಡಿಯಿತು. ಇದು ಇನ್ನೂ ಒಡೆಯುತ್ತದೋ ಇಲ್ಲವೋ? ಮೂರರಲ್ಲಿ ಇಲ್ಲ, ಏಳರಲ್ಲಿ ಇಲ್ಲ, ಹದಿಮೂರರಲ್ಲಿ ಇಲ್ಲ. ಎಲ್ಲಿಯವರೆಗೆ ನೋಡಬೇಕು ಎಂದು ಕೇಳಿದೆ.

“ಆಸ್ತಿ ಎರಡು ಪಾಲಾದ್ರೆ ಒಂದಾದ್ರೂ ಚಿಕ್ಕ ಪಾಲು ಇರ್ಬೇಕಲ್ಲ ಮೇಷ್ಟ್ರೇ, ಎರಡೂ ದೊಡ್ಡದು ಹೆಂಗಾಗುತ್ತೆ? ಎರಡು ಸಾವಿರದ ನಾನೂರ ಇಪ್ಪತ್ತಾರನ್ನ ಅದರಿಂದ್ಲೇ ಗುಣಿಸಿದ್ರೆ ಈ ಸಂಖ್ಯೆ ದಾಟ್ತದೆ, ಅದಕ್ಕೆ ಆ ಚಿಕ್ಕದು ಎರಡು ಸಾವಿರದ ನಾನೂರ ಇಪ್ಪತ್ತೈದರ ಒಳಗೇ ಇರ್ಬೇಕು. ಅಲ್ಲಿಗಂಟ ಒಂದೊಂದೇ ಅವಿಭಾಜ್ಯ ಸಂಖ್ಯೆಯಲ್ಲಿ ಭಾಗಿಸಿ ನೋಡ್ಬೇಕು. ಮುನ್ನೂರು ಚಿಲ್ಲರೆ ಭಾಗಾಕಾರ.”

ನರ್ಸ್ ಸುನಿತಾ ನಗುತ್ತಾ ಬಂದಳು. “ಸಾರ್, ಮೊಬೈಲಲ್ಲಿ ಹೊಡೆದ್ರೆ ಒಂದು ಸೆಕೆಂಡಲ್ಲಿ ಹೇಳುತ್ತೆ. ಕೊಡ್ಲಾ?”

“ಹೇಳುತ್ತೆ ಕಣಮ್ಮ. ನಿನ್ ಮದುವೆ ಊಟ ನಾನು ಉಂಡ್ಬಂದು, ಚೆನ್ನಾಗಿತ್ತು ಅಂತ ನಿಂಗೆ ಹೇಳ್ದಂಗೆ.”

ಇದಾಗಿ ಕೆಲವು ವಾರಕ್ಕೆ, ಒಂದು ಶುಕ್ರವಾರ ಬೆಳಿಗ್ಗೆ ನಾನು ಅವನ ಮನೆಗೆ ಹೋದಾಗ ಅವನು ಇನ್ನೂ ಮಲಗಿದ್ದ. ನಿದ್ದೆ ಮಾಡುತ್ತಿರಲಿಲ್ಲ, ಸೂರು ನೋಡುತ್ತಿದ್ದ. ವನಜಾ ಅವನ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

“ಬರಲ್ಲ ಅಂತಾನೆ,” ಎಂದಳು.

“ಸಾಕಾಯ್ತು ಮೇಷ್ಟ್ರೇ,” ಎಂದ ಅವನು. ಸಿಟ್ಟಿರಲಿಲ್ಲ. “ವಾಸಿ ಆಗೋದಲ್ಲ, ಮಾಡೋದಲ್ಲ. ಬಸ್ಸು, ಮಂಚ, ಬಸ್ಸು. ಇದಕ್ಕೊಂದು ಕೊನೆ ಅಂತ ಇರ್ಬೇಕಲ್ವಾ. ನಾನು ಬಿಟ್ಬುಟ್ಟೆ.”

ಬಿಟ್ಟರೆ ಬದುಕುವುದು ಎರಡು ವಾರ ಎಂದು ಮೂವರಿಗೂ ಗೊತ್ತಿತ್ತು. ಅವಳು ಅಳಲಿಲ್ಲ. ಅಂಗಿಯ ಗುಂಡಿ ಬಿಚ್ಚುತ್ತಾ ಕೇಳಿದಳು: “ಅದೇನೋ ಭಾಗಿಸ್ತಾ ಇದ್ದೀಯಲ್ಲ, ಅದು ಒಡೀತಾ?”

“ಇನ್ನೂ ಇಲ್ಲ.”

“ಅದು ಒಡೆಯೋಗಂಟ ಹೋಗ್ಬಾ. ಆಮ್ಯಾಕೆ ನಿನ್ನಿಷ್ಟ. ನಾನು ಕೇಳಕ್ಕಿಲ್ಲ.”

ದೊಡ್ಡ ಸಂಖ್ಯೆಗಳು ಸಾಮಾನ್ಯವಾಗಿ ಒಡೆಯುತ್ತವೆಂದು ಅವನಿಗೆ ಗೊತ್ತು. ಬೇಗನೆ ಒಡೆಯುತ್ತದೆ ಎಂದೇ ಎಣಿಸಿದ್ದ ಎಂದು ನನಗೆ ಅನಿಸುತ್ತದೆ. “ಆಯ್ತು,” ಎಂದ. “ಒಡೆಯೋಗಂಟ ಬತ್ತೀನಿ. ಆಮೇಲೆ ಯಾರೂ ಮಾತಾಡಂಗಿಲ್ಲ. ಮೇಷ್ಟ್ರು ಸಾಕ್ಷಿ.”

ಅಂಗಿ ಹಾಕಿಕೊಂಡ. ಏಳರ ಬಸ್ಸು ತಪ್ಪಿತ್ತು, ಎಂಟರ ಬಸ್ಸಿಗೆ ಹೋದೆವು.

ಅಲ್ಲಿಂದ ಮುಂದೆ ಒಂದು ವರ್ಷಕ್ಕೂ ಮೇಲೆ ಅದೇ ನಡೆಯಿತು. ಒಂದು ಸಲಕ್ಕೆ ಮೂರೋ ನಾಲ್ಕೋ ಭಾಗಾಕಾರ. ಬಿಪಿ ಇಳಿದ ದಿನ ಒಂದೂ ಇಲ್ಲ. ಕಾಲು ಸೆಟೆದುಕೊಂಡ ದಿನ ನಾನು ಮೀನಖಂಡ ಒತ್ತುತ್ತಿದ್ದೆ, ಅವನು ಹಲ್ಲು ಕಚ್ಚಿಕೊಂಡೇ ಶೇಷ ಬರೆಯುತ್ತಿದ್ದ. ಮಾಡಿದ ಲೆಕ್ಕವನ್ನು ಗುಣಿಸಿ ತಾಳೆ ನೋಡುತ್ತಿದ್ದ. ಚಿಕ್ಕರಂಗಯ್ಯ ಬಂದಾಗಲೆಲ್ಲ ಕೇಳುತ್ತಿದ್ದ, “ಏಮ್ ರಾಜಣ್ಣಾ, ಇಂಕಾ ಒಡೀಲಿಲ್ವಾ?”

“ಇಲ್ಲ ಸಾಮಿ. ಸದ್ಯಕ್ಕೆ ಅವಿಭಕ್ತ. ಅವಿಭಾಜ್ಯ ಅನ್ನೋಕೆ ಇನ್ನೂ ದೂರ ಐತೆ.”

ಒಂದು ಮಂಗಳವಾರ ಆ ಮಂಚ ಖಾಲಿ ಇತ್ತು. ಶುಕ್ರವಾರ ಅದರಲ್ಲಿ ಬೇರೆ ಯಾರೋ ಇದ್ದರು. ನಾವು ಏನೂ ಕೇಳಲಿಲ್ಲ. ಆ ದಿನ ಓಬಳರಾಜು ಒಂದೇ ಒಂದು ಭಾಗಾಕಾರ ಮಾಡಿ ಪೆನ್ನು ನನ್ನ ಕೈಗೆ ಕೊಟ್ಟ.

ಅವನು ಎರಡು ಸಾವಿರ ದಾಟಿದ ಮೇಲೆ ನನಗೆ ಒಂದು ಹೆದರಿಕೆ ಶುರುವಾಯಿತು. ಒಡೆದರೆ ಅವನು ಬಿಡುತ್ತಾನೆ. ಒಡೆಯದೆ ಮುಗಿದರೂ ಬಿಡುತ್ತಾನೆ. ಒಂದೊಂದು ಭಾಗಾಕಾರವಾದಾಗಲೂ ಅವನ ಮುಖ ನೋಡುತ್ತಿದ್ದೆ. ಅವನ ಮುಖದಲ್ಲಿ ಏನೂ ಇರುತ್ತಿರಲಿಲ್ಲ, ಸುಸ್ತೊಂದನ್ನು ಬಿಟ್ಟು. ಕಡೆಯದು 2423. ಭಾಗಲಬ್ಧ 2427, ಶೇಷ 1732. ಎರಡು ಸಲ ತಾಳೆ ನೋಡಿ ಹಾಳೆಯನ್ನು ಮಡಚಿ ಜೇಬಿಗಿಟ್ಟ. “ಅವಿಭಾಜ್ಯ,” ಎಂದ. ಗುಮಾಸ್ತರು ಸೀಲು ಒತ್ತುವಾಗ ಹೇಳುವಂಥ ದನಿಯಲ್ಲಿ.

ಮನೆಯಲ್ಲಿ ವನಜಾ ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಳು.

“ಮುಗೀತು ಕಣೇ,” ಎಂದ.

ಅವಳು ತಂಬಿಗೆ ಕೆಳಗಿಟ್ಟಳು. “ಒಡೀತಾ?”

“ಇಲ್ಲ. ಒಡೆಯಲ್ಲ ಅದು. ಇನ್ಯಾವತ್ತೂ ಒಡೆಯಲ್ಲ. ಪೂರ್ತಿ ನೋಡ್ದೆ.”

“ಅಂಗಾದ್ರೆ ಮಂಗಳವಾರ ಏಳಕ್ಕೆ ರೆಡಿಯಾಗು.”

“ಲೆಕ್ಕ ಮುಗೀತು ಅಂತ ಹೇಳ್ತಾ ಇದ್ದೀನಿ.”

“ಲೆಕ್ಕ ಮುಗಿಯೋಗಂಟ ಅಂದಿರಲಿಲ್ಲ ನೀನು. ಒಡೆಯೋಗಂಟ ಅಂದಿದ್ದೆ. ಅದು ಒಡೆಯಲ್ಲ ಅಂತ ನೀನೇ ಹೇಳ್ತೀಯ. ಮೇಷ್ಟ್ರು ಸಾಕ್ಷಿ ಅವ್ರೆ, ಕೇಳು.”

ಓಬಳರಾಜು ನನ್ನ ಕಡೆ ತಿರುಗಿದ. ಜೀವಮಾನವೆಲ್ಲ ಷರತ್ತು ಬರೆದವನು. ‘ಮಾತ್ರ’, ‘ವರೆಗೆ’, ‘ತದನಂತರ’ ಇಂಥ ಪದಗಳನ್ನು ಎಲ್ಲಿಡಬೇಕೆಂದು ಬೇರೆಯವರಿಗೆ ಹೇಳಿಕೊಟ್ಟವನು. ನಾನು ಕೇಳಿಸಿಕೊಂಡದ್ದನ್ನು ಹೇಳಬೇಕಾಗಿತ್ತು, ಹೇಳಿದೆ. “ಒಡೆಯೋಗಂಟ ಅಂತಲೇ ಅಂದೆ ಕಣೋ.”

ಅವನು ಜಗುಲಿಯ ಮೇಲೆ ಕೂತ. ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ, ಭುಜ ಮಾತ್ರ ಅಲ್ಲಾಡುವಂತೆ ನಕ್ಕ. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. “ಪತ್ರದಲ್ಲಿ ಅವಧಿ ಬರೀದೆ ಬಿಟ್ರೆ ಇಂಗೇ ಆಗೋದು,” ಎಂದ. ಮಂಗಳವಾರ ಏಳಕ್ಕೆ ರೆಡಿಯಾಗಿದ್ದ.

ಆಮೇಲಿನ ತಿಂಗಳುಗಳು ಕಷ್ಟದವು. ಮಾಡಲು ಏನೂ ಇರಲಿಲ್ಲ. ಅವನು ಫ್ಯಾನು ನೋಡುತ್ತಾ ಮಲಗಿರುತ್ತಿದ್ದ. ಏನಾದರೂ ಇರಲಿ ಎಂದು ನಾನು ಒಂದು ಹಳೆಯ ಗಣಿತದ ಪುಸ್ತಕ ಹುಡುಕಿ ಓದಿ ಹೇಳಿದೆ. ನಾಲ್ಕರಲ್ಲಿ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯ ಸಂಖ್ಯೆಗಳನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ಹದಿಮೂರೆಂದರೆ ನಾಲ್ಕು ಕೂಡಿಸು ಒಂಬತ್ತು. ಎಷ್ಟೇ ದೊಡ್ಡದಾದರೂ ಬರೆಯಲು ಬರುತ್ತದೆ, ಮತ್ತು ಒಂದೇ ಒಂದು ರೀತಿಯಲ್ಲಿ ಬರುತ್ತದೆ. ಅವನ ಸಂಖ್ಯೆಯೂ ಆ ಜಾತಿಯದು.

“ಅಂದ್ರೆ ಇದಕ್ಕೂ ಒಂದು ಜೋಡಿ ಐತೆ. ಒಂದೇ ಒಂದು,” ಎಂದ. ಮತ್ತೆ ಪೆನ್ನು ಕೇಳಿದ. 2425ರಿಂದ ಕೆಳಗಿಳಿಯುತ್ತಾ, ಒಂದೊಂದರ ವರ್ಗವನ್ನೂ ಕಳೆದು, ಉಳಿದದ್ದು ವರ್ಗವೇ ಎಂದು ನೋಡುತ್ತಾ ಬಂದ. ಕೆಲವು ವಾರ ಹಿಡಿಯಿತು. ಸಿಕ್ಕ ದಿನ ಹಾಳೆಯನ್ನು ನನ್ನ ಕಡೆ ಹಿಡಿದ. ಒಂದು 588ರ ವರ್ಗ. ಇನ್ನೊಂದು 2353ರ ವರ್ಗ.

“ಸರಿಯಾಗಿ ನೋಡಿ ಮೇಷ್ಟ್ರೇ,” ಎಂದ.

ನೋಡಿದೆ. 588, ಪಕ್ಕದಲ್ಲಿ 2353. ಅವೆರಡನ್ನು ಒತ್ತೊತ್ತಾಗಿ ಇಟ್ಟು ಓದಿದರೆ 5882353. ಅದೇ ಸಂಖ್ಯೆ. ಮಧ್ಯದಲ್ಲಿ ಕುಡುಗೋಲು ಇಟ್ಟು ಸೀಳಿದಂತೆ ಎರಡು ತುಂಡಾಗಿತ್ತು, ಆ ತುಂಡುಗಳ ವರ್ಗ ಕೂಡಿಸಿದರೆ ಮತ್ತೆ ತಾನೇ ಆಗುತ್ತಿತ್ತು.

ಬಸ್ಸಿನಲ್ಲಿ ಅವನು ಆ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಹೇಳಿದ: “ಇದನ್ನ ಅವಳಿಗೆ ತೋರಿಸಿ, ಇಲ್ಲಿ ನೋಡು, ಒಡೆದು ಎರಡಾಯ್ತು ಅಂದ್ರೆ?”

“ತೋರಿಸ್ತೀಯಾ?” ಎಂದೆ.

ಅವನು ಕಿಟಕಿಯಾಚೆ ನೋಡುತ್ತಿದ್ದ. ಹುಣಸೆ ಮರಗಳು, ಕಲ್ಲಿನ ಕ್ವಾರಿ, ಯಾರದೋ ಕುರಿಮಂದೆ. “ಬ್ಯಾಡ ಬುಡಿ,” ಎಂದ. ಹಾಳೆಯನ್ನು ನನಗೇ ಕೊಟ್ಟ. ಆಮೇಲೂ ಶ್ರಾವಣದವರೆಗೆ, ಮಂಗಳವಾರ ಶುಕ್ರವಾರ, ಒಂದೂ ತಪ್ಪಿಸದೆ ಬಂದ. ತೀರಿಕೊಂಡದ್ದು ಭಾನುವಾರ ಮಧ್ಯಾಹ್ನ, ಮನೆಯಲ್ಲಿ, ಊಟ ಮಾಡಿ ಒರಗಿದಾಗ. ಹೃದಯ ನಿಂತಿತು ಎಂದರು.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಬೆಳಿಗ್ಗೆ ವನಜಾ ನನ್ನನ್ನು ಕರೆಸಿದಳು. ಟೀ ಕೊಟ್ಟು ಎದುರಿಗೆ ಕೂತಳು.

“ಮೇಷ್ಟ್ರೇ, ಒಂದು ಕೇಳ್ತೀನಿ, ಸಮಾಧಾನ ಮಾಡೋಕೆ ಹೇಳ್ಬ್ಯಾಡಿ. ಅವನಿಗೆ ಸಾಕಾಗಿತ್ತು. ನಾನು ಒಂದು ಮಾತಲ್ಲಿ ಕಟ್ಟಾಕಿ, ದನ ಎಳೆದಂಗೆ ಎಳೆದೆ. ಅದೊಂದು ಮಾತು ಇಲ್ದಿದ್ರೆ ಅವನು ಬತ್ತಿರಲಿಲ್ಲ, ಅಲ್ವಾ?”

ನಾನು ಆ ದಿನದಿಂದ ಕಾಪಾಡಿಕೊಂಡಿದ್ದ ಹಾಳೆಯನ್ನು ಅವಳ ಮುಂದಿಟ್ಟೆ. ಬಸ್ಸಿನ ಮಾತು ಹೇಳಿದೆ. ಅವನಿಗೆ ಬಿಡಿಸಿಕೊಳ್ಳಲು ದಾರಿ ಸಿಕ್ಕಿತ್ತು, ಅವನಾಗಿಯೇ ಬಿಟ್ಟ, ಆಮೇಲೆ ಬಂದದ್ದೆಲ್ಲ ಅವನಿಷ್ಟದಿಂದ ಬಂದದ್ದು ಎಂದೆ. ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಮಧ್ಯದಲ್ಲಿರೋದು ಏನಿದು, ಕೂಡೋ ಗುರುತಾ?”

“ಹೌದು.”

“ಅಂಗಾದ್ರೆ ಇದು ಕೂಡಿಸಿರೋದು. ಇದನ್ನ ಒಡೆದದ್ದು ಅಂತ ತಂದಿದ್ರೆ ನಾನು ಒಪ್ತಿದ್ನಾ? ಆರನೇ ಕ್ಲಾಸು ಓದಿಲ್ವಾ ನಾನು? ಅದು ಅವನಿಗೆ ಗೊತ್ತಿರಲಿಲ್ವಾ?”

ಇಷ್ಟು ದಿನ ನಾನು ಹೊತ್ತುಕೊಂಡಿದ್ದ ಸಮಾಧಾನ ಅಷ್ಟೇ ಆಗಿತ್ತು.

ಅವಳು ಹಾಳೆಯನ್ನು ಮತ್ತೊಮ್ಮೆ ನೋಡಿದಳು. “ಆದ್ರೂ ತರಬೋದಿತ್ತು,” ಎಂದಳು. “ಬೈತಿದ್ದೆ. ಬೈಸ್ಕೊಂಡು ನಗ್ತಿದ್ದ.”

ಶಾಲೆಯಲ್ಲಿ ಅಕ್ಕಿ ಹಾಕುವ ಹೊತ್ತಾಗಿತ್ತು. ಅವಳು ಎದ್ದು ಸೆರಗು ಸಿಕ್ಕಿಸಿಕೊಂಡು, ಬಾಗಿಲು ಎಳೆದುಕೊಂಡು ಹೋಗಿ ಎಂದು ಹೇಳಿ ನಡೆದಳು. ಹಾಳೆಯನ್ನು ತೆಗೆದುಕೊಂಡು ಹೋದಳು. ನಾನು ಟೀ ಲೋಟ ತೊಳೆದಿಟ್ಟು ಬಂದೆ.